ಪಿಕಪ್‌ಗೆ ಟ್ರ್ಯಾಕ್ಷನ್ ಬಾರ್ ಹಾಕಿಸೋರೇ, ದುಡ್ಡು ಕೊಡೋ ಮುಂಚೆ ಬಾರನ್ನ ಕೈಯಲ್ಲಿ ತಿರುಗಿಸಿ ನೋಡಿ

"ಪೂರ್ತಿ ಅಡ್ಜಸ್ಟಬಲ್ ಸಾರ್. ಒಂದು ಕಡೆ ಲೆಫ್ಟ್ ಥ್ರೆಡ್, ಇನ್ನೊಂದು ಕಡೆ ರೈಟ್ ಥ್ರೆಡ್." ಗಾಡಿ ಎಳೆಯುವಾಗ ಹಿಂದಿನ ಆಕ್ಸಲ್ ತಿರುಚಿಕೊಳ್ಳದ ಹಾಗೆ ತಡೆಯೋ ಟ್ರ್ಯಾಕ್ಷನ್ ಬಾರಿಗೆ ಇಷ್ಟು ಹೇಳಿ 22,000 ರೂಪಾಯಿ ತಗೊಂಡರು. ಜಾಗ ಬೆಂಗಳೂರಿನ ಪೀಣ್ಯದ ಕಡೆಯ ಒಂದು ಫ್ಯಾಬ್ರಿಕೇಷನ್ ಶೆಡ್ಡು. ಗಾಡಿ ಇಸುಜು ವಿ-ಕ್ರಾಸ್ 1.9 ಡೀಸೆಲ್, 360 ನ್ಯೂಟನ್ ಮೀಟರ್ ಟಾರ್ಕ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟೆ.

ಥ್ರೆಡ್ ಎರಡೂ ಕಡೆ ರೈಟೇ. ಮತ್ತೆ ಹೇಳ್ತೀನಿ, ಎರಡೂ ಕಡೆ ರೈಟು! ಲಾಕ್ ನಟ್ ಸಡಿಲ ಮಾಡಿ ಬಾರ್ ತಿರುಗಿಸಿದರೆ ಮುಂದಿನ ರಾಡ್ ಎಂಡ್ (ಬಾರಿನ ತುದಿಗೆ ಥ್ರೆಡ್ಡಿನಲ್ಲಿ ಕೂರೋ ಜಾಯಿಂಟು) ಒಂದು ಸುತ್ತು ಹೊರಗೆ ಬರುತ್ತೆ, ಹಿಂದಿನದು ಅದೇ ಒಂದು ಸುತ್ತು ಒಳಗೆ ಹೋಗುತ್ತೆ. ಉದ್ದ ಕೂದಲೆಳೆಯಷ್ಟೂ ಬದಲಾಗಲ್ಲ. ಗಾಡಿ ಕೆಳಗೆ ಸ್ಪ್ಯಾನರ್ ಹಿಡಿದು ಬಾರನ್ನ ಸುಮ್ಮನೆ ಸುತ್ತಿಸ್ತಾ ಇದ್ದರೆ ಶೆಡ್ಡಿನ ಹುಡುಗರು ಮುಖ ಮುಖ ನೋಡ್ಕೊಂಡು ನಗ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು. ಓನರ್‌ನ ಕೇಳಿದರೆ, "ಲೆಫ್ಟ್ ಥ್ರೆಡ್ ಕೊರೆಯೋ ಟ್ಯಾಪ್ ಎಲ್ಲೂ ಸಿಗಲ್ಲ ಸಾರ್." ಹಾರ್ಡ್‌ವೇರ್, ಟೂಲ್ಸ್ ಅಂಗಡಿಗಳೇ ತುಂಬಿರೋ ಎಸ್‌ಜೆಪಿ ರೋಡ್ ಇರೋ ಊರಲ್ಲಿ ನಿಂತು ಹೇಳೋ ಮಾತಾ ಇದು?

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕ್ಲಚ್ ಬಿಟ್ಟಾಗ ಚಕ್ರ ಮುಂದಕ್ಕೆ ತಿರುಗಿದರೆ ಆಕ್ಸಲ್ ಹೌಸಿಂಗ್ ಹಿಂದಕ್ಕೆ ತಿರುಗೋಕೆ ನೋಡುತ್ತೆ, ಪಿನಿಯನ್ ಮೂತಿ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರೋ ತುದಿ, ಮೇಲಕ್ಕೇಳುತ್ತೆ. ಸ್ಪ್ರಿಂಗಿನ ಪಟ್ಟೆ, ಹಾವಿನ ಥರ ಸೊಟ್ಟ ಬಾಗಿ, ತಾಳಲಾರದೆ ಬಿಚ್ಚಿಕೊಂಡು, ಮತ್ತೆ ಬಾಗುತ್ತೆ. ಹಿಂದೆ ಬರೋ ಆ ದಡ ದಡ ದಡ ಅದೇ. ಹಾಗೇ ಬಿಟ್ಟರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನ ಕ್ರಾಸ್ ಮೊದಲು ಹೋಗುತ್ತೆ. ಬಾರ್ ಒಂದು ತುದಿ ಆಕ್ಸಲ್ ಕೆಳಗಿನ ಬ್ರ್ಯಾಕೆಟ್ಟಿಗೆ, ಇನ್ನೊಂದು ತುದಿ ಪಟ್ಟೆಯ ಮುಂದಿನ ಕಣ್ಣಿನ (ಸುರುಳಿ ತುದಿಯ) ಬೋಲ್ಟಿನಲ್ಲಿ ಆಡೋ ತ್ರಿಕೋನದ ಪ್ಲೇಟಿಗೆ. ಹೌಸಿಂಗ್ ತಿರುಗಿದಾಗ ಬಾರ್ ಮುಂದಕ್ಕೆ ತಳ್ಳುತ್ತೆ, ಪ್ಲೇಟು ಪಟ್ಟೆಯ ಮುಂದಿನ ಅರ್ಧವನ್ನ ಮೇಲಿಂದ ಒತ್ತುತ್ತೆ. ಪಟ್ಟೆ ಸುತ್ತಿಕೊಳ್ಳಲ್ಲ, ಟೈರು ನೆಲಕ್ಕೆ ಕೂರುತ್ತೆ. ಬಾರ್ ಉದ್ದ ಹೊಂದಿಸೋಕೆ ಆಗದಿದ್ದರೆ ಅದು ಬರೀ ಕಬ್ಬಿಣದ ಪೈಪು.

ಇನ್ನು ವೆಲ್ಡಿಂಗ್. ಆ ಪ್ಲೇಟು ಜಾರದಿರಲಿ ಅಂತ ಮೇನ್ ಪಟ್ಟೆ ಮೇಲೇ ಒಂದು ತುಂಡು ವೆಲ್ಡ್ ಹೊಡೆದಿದ್ದಾರೆ! ಸ್ಪ್ರಿಂಗ್ ಸ್ಟೀಲಿಗೆ ಯಾರಾದರೂ ವೆಲ್ಡ್ ಮಾಡ್ತಾರಾ? ಹದ ಹೋಗಿ, ವೆಲ್ಡ್ ಪಕ್ಕದಲ್ಲೇ ಗಾಜಿನ ಹಾಗೆ ಪೆಡಸಾಗಿ, ಬಿರುಕು ಅಲ್ಲಿಂದಲೇ ಶುರುವಾಗುತ್ತೆ. ಮೇನ್ ಪಟ್ಟೆ ತುಂಡಾದರೆ ಆಕ್ಸಲ್ ಜಾಗ ಬಿಡುತ್ತೆ, ಲಾಂಚಿನ (ನಿಂತಲ್ಲಿಂದ ಜೋರಾಗಿ ಹೊರಡೋದರ) ಮಾತು ಆಮೇಲೆ. ಬ್ಯಾಟರಿ ಟರ್ಮಿನಲ್ ಕಳಚದೇ ವೆಲ್ಡ್ ಮಾಡಿದ್ದು ಬೇರೆ. ಆಕ್ಸಲನ್ನ ಪಟ್ಟೆಗೆ ಬಿಗಿಯೋ ಯು-ಬೋಲ್ಟೂ ಹಳೇದೇ. ಬ್ರ್ಯಾಕೆಟ್ ದಪ್ಪ ಸೇರಿದ ಮೇಲೆ ಬೋಲ್ಟಿನ ತುದಿ ನಟ್ಟಿನ ಒಳಗೇ ಮುಗಿದುಹೋಗಿದೆ, ಒಂದು ಥ್ರೆಡ್ ಕೂಡ ಹೊರಗೆ ಕಾಣಲ್ಲ. ಬಾರಿನ ಬೋಲ್ಟುಗಳ ತಲೆ ಮೇಲೆ ಗಟ್ಟಿತನ ಹೇಳೋ ಗುರುತು 8.8 ಇಲ್ಲ, 10.9 ಇಲ್ಲ, ಬೋಳು.

ಪ್ರೀಲೋಡ್ (ಬಾರಿಗೆ ಮೊದಲೇ ಕೊಟ್ಟಿಡೋ ಬಿಗಿ) ವಿಷಯ ಕೇಳಿದರೆ ನಗು ಬರುತ್ತೆ, ಸಿಟ್ಟೂ ಬರುತ್ತೆ. ಗಾಡಿನ ಲಿಫ್ಟಿಗೇರಿಸಿ, ಆಕ್ಸಲ್ ಜೋತಾಡ್ತಿರುವಾಗ ಅಳತೆ ತಗೊಂಡಿದ್ದಾರೆ. ನೆಲಕ್ಕಿಳಿಸಿದರೆ ಭಾರಕ್ಕೆ ಪಟ್ಟೆ ಚಪ್ಪಟೆಯಾಗಿ ಆ ಅಳತೆ ಸತ್ತುಹೋಗುತ್ತೆ. ಅದೂ ಸಾಲದು ಅಂತ ಎಡಗಡೆ ಬಾರನ್ನ ಬಿಗಿ ಇಟ್ಟಿದ್ದಾರೆ. ಯಾಕಪ್ಪಾ ಎಡಗಡೆ ಅಂದರೆ ಮೇಸ್ತ್ರಿ ಫೋನ್ ತೆಗೆದು ಅಮೆರಿಕದ ವಿಡಿಯೋ ತೋರಿಸಿದ. "ಪ್ಯಾಸೆಂಜರ್ ಸೈಡ್ ಅಂತ ಅವರೇ ಹೇಳ್ತಿದ್ದಾರಲ್ಲ ಸಾರ್." ಅಮೆರಿಕದಲ್ಲಿ ಸ್ಟೀರಿಂಗ್ ಎಡಕ್ಕೆ, ಪ್ಯಾಸೆಂಜರ್ ಕೂರೋದು ಬಲಕ್ಕೆ! ಹಿಂದಿನಿಂದ ನೋಡಿದರೆ ಶಾಫ್ಟ್ ತಿರುಗೋದು ಗಡಿಯಾರದ ವಿರುದ್ಧ ದಿಕ್ಕಿಗೆ, ಅದು ಹೌಸಿಂಗನ್ನೂ ಹಾಗೇ ತಿರುಚಿ ಬಲಚಕ್ರದ ಭಾರ ಇಳಿಸುತ್ತೆ. ಸ್ಟೀರಿಂಗ್ ಯಾವ ಕಡೆ ಇದ್ದರೂ ಅಷ್ಟೇ. ಬಿಗಿ ಬೇಕಾಗಿರೋದು ಬಲಕ್ಕೆ, ನಮ್ಮ ಗಾಡಿಯಲ್ಲಿ ಅದು ಡ್ರೈವರ್ ಸೈಡು. ಇವರು ಮಾಡಿದ್ದರಿಂದ ಬಲಚಕ್ರ ಮೊದಲಿಗಿಂತ ಜಾಸ್ತಿ ಜಾಡಿಸುತ್ತೆ.

ಮಾಡಬೇಕಾದ್ದು ಇಷ್ಟೇ. ಮೊದಲು ಕಣ್ಣಿನ ಬುಷ್, ಸೆಂಟರ್ ಬೋಲ್ಟ್, ಶಾಕ್ ಅಬ್ಸಾರ್ಬರ್ ನೋಡಿ. ಬುಷ್ ಸವೆದಿದ್ದರೆ ಬಾರ್ ಹಾಕಿ ಏನೂ ಉಪಯೋಗ ಇಲ್ಲ. ಗಾಡಿ ಸಮತಟ್ಟು ನೆಲದ ಮೇಲೆ, ಓಡಿಸೋರು ಸೀಟಲ್ಲಿ ಕೂತಿರಬೇಕು. ಎರಡೂ ಬಾರ್ ಕೈಯಲ್ಲಿ ತಿರುಗಿಸಿ, ಪ್ಲೇಟು ಪಟ್ಟೆಗೆ ಬರೀ ತಾಗೋ ತನಕ. ಅದು ಸೊನ್ನೆ. ಅಲ್ಲಿಂದ ಬಲಗಡೆ ಮಾತ್ರ ಷಟ್ಕೋನದ ಒಂದು ಮುಖ, ಅಂದರೆ ಸುತ್ತಿನ ಆರನೇ ಒಂದು ಭಾಗ. ಲಾಕ್ ನಟ್ ಬಿಗಿ ಮಾಡಿ, ಬಣ್ಣದ ಗೆರೆ ಎಳೆದು, ಟ್ರ್ಯಾಕಿನಲ್ಲಿ ಒಂದು ಲಾಂಚ್ ನೋಡಿ, ಆಮೇಲೆ ಇನ್ನೊಂದು ಮುಖ. ಗಾಡಿ ಮೂತಿ ಒಂದು ಕಡೆ ಎಳೆದರೆ ವಾಪಸ್ ಬನ್ನಿ. ಯು-ಬೋಲ್ಟ್ ಹೊಸದೇ ಇರಲಿ, ಸ್ವಲ್ಪ ಓಡಿದ ಮೇಲೆ ಮತ್ತೆ ಟಾರ್ಕ್ ಮಾಡಿಸಿ.

ಇಷ್ಟೆಲ್ಲಾ ವಾಟ್ಸಾಪಿನಲ್ಲಿ ಫೋಟೋ ಸಮೇತ ಕಳಿಸಿದ್ದಕ್ಕೆ ಬಂದ ಉತ್ತರ: "ಹೊಸದು ಅಲ್ವಾ ಸಾರ್, 500 ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ." ಏನು ಸೆಟ್ ಆಗೋದು? ಓಡ್ತಾ ಓಡ್ತಾ ರೈಟ್ ಥ್ರೆಡ್ ಲೆಫ್ಟ್ ಆಗುತ್ತಾ? ದುಡ್ಡು ವಾಪಸ್ ಕೇಳಿದ್ದಕ್ಕೆ, "ಯೂಟ್ಯೂಬ್ ನೋಡ್ಕೊಂಡು ಬಂದು ನಮಗೆ ಕೆಲಸ ಕಲಿಸಬೇಡಿ." ಯೂಟ್ಯೂಬ್ ನೋಡಿ ಎಡಗಡೆ ಬಿಗಿ ಮಾಡಿದ್ದು ಯಾರು ಸ್ವಾಮಿ?

ಈಗ ಎರಡೂ ಕಡೆ ಮೇನ್ ಪಟ್ಟೆ ಬದಲಾಯಿಸಬೇಕು, ಅದರ ಖರ್ಚು ಬೇರೆ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದರೆ ಕೈಯಲ್ಲಿರೋದು "ಬಾರ್ ವರ್ಕ್, 22,000" ಅಂತ ಗೀಚಿದ ಬಿಳಿ ಚೀಟಿ. "ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್, ಸುಮ್ನೆ ಯಾಕೆ" ಅಂದಿದ್ದರು. ಆ ಎಕ್ಸ್‌ಟ್ರಾ ಕೊಟ್ಟುಬಿಡಿ, ಕೊಟ್ಟು ಬಿಲ್ಲಿನ ಮೇಲೆ "ಲೆಫ್ಟ್-ರೈಟ್ ಥ್ರೆಡ್, ಪಟ್ಟೆಗೆ ವೆಲ್ಡಿಂಗ್ ಇಲ್ಲ, ಹೊಸ ಯು-ಬೋಲ್ಟ್" ಅಂತ ಅವರ ಕೈಯಲ್ಲೇ ಬರೆಸಿ. ಬರೆಯಲ್ಲ ಅಂದರೆ ಗಾಡಿ ಕೀ ಕೊಡಬೇಡಿ.