ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಿಡ್‌ವೈಫ್ ಕೈಯಲ್ಲಿ ಹೆರಿಗೆ: ಸೇವೆ ಹೇಗಿತ್ತು?

ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಎರಡನೆಯ ಮಗು ಹುಟ್ಟಿತು. ನೋವು ಹೆಚ್ಚಿಸುವ ಡ್ರಿಪ್ಪಾಗಲಿ, ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಆಗಲಿ ಇಲ್ಲದೆ, ಹೆರಿಗೆಯ ವಿಶೇಷ ತರಬೇತಿ ಪಡೆದ ನರ್ಸ್, ಅಂದರೆ ಮಿಡ್‌ವೈಫ್ ಒಬ್ಬರ ಆರೈಕೆಯಲ್ಲಿ ಆದ ಔಷಧರಹಿತ ಹೆರಿಗೆ ಅದು. ಮೆಚ್ಚಿದ್ದರ ಜೊತೆಗೆ ದೂರುವಂಥದ್ದೂ ಕೆಲವು ಇರುವುದರಿಂದ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆಯನ್ನು ಹುಡುಕುತ್ತಿರುವವರಿಗೆ ಹೆಸರಿಗಿಂತ, ಒಳಗೆ ನಡೆಯುವುದೇನು ಎಂಬ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಹೋಲಿಕೆಗಾಗಿ ಮೊದಲ ಹೆರಿಗೆಯ ಮಾತನ್ನು ಹೇಳಲೇಬೇಕು. ಆರು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ನರ್ಸಿಂಗ್ ಹೋಮಿಗೆ ಹೋದ ಅರ್ಧ ಗಂಟೆಯೊಳಗೆ ಕೈಗೆ ಡ್ರಿಪ್ ಹಾಕಿ, ಅಂಗಾತ ಮಲಗಿಸಿ, ಒಂದು ಗುಟುಕು ನೀರನ್ನೂ ಕೊಡದೆ ಇಟ್ಟಿದ್ದರು. ಗರ್ಭಕೋಶದ ಬಾಯಿ ‘ಎರಡು ಬೆರಳು’, ‘ಮೂರು ಬೆರಳು’ ತೆರೆದಿದೆ ಎಂದು ಬಂದವರೆಲ್ಲ ನನ್ನ ಮೇಲಿಂದ ಪರಸ್ಪರ ಹೇಳಿಕೊಳ್ಳುತ್ತಿದ್ದರೇ ಹೊರತು ನನಗೆ ಯಾರೂ ಏನನ್ನೂ ಹೇಳಲಿಲ್ಲ. ಕೆಳಗೆ ಕೊಯ್ದು ಹೊಲಿಗೆ ಹಾಕಿದ್ದು ತಿಳಿದದ್ದು ಮರುದಿನ, ಕೂರಲು ಹೋದಾಗ. ಮಗು ಆರೋಗ್ಯವಾಗಿ ಹುಟ್ಟಿತು. ಅದನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಆದರೆ ಎರಡನೆಯ ಸಲ ಬಸುರಿಯಾದಾಗ ಹೆರಿಗೆಗಿಂತ ಆ ಕೋಣೆಯ ನೆನಪೇ ಹೆಚ್ಚು ಹೆದರಿಸಿತು.

ಮಿಡ್‌ವೈಫ್ ನೋಡಿಕೊಳ್ಳುತ್ತಾರೆ ಎಂದು ನಮ್ಮ ಅಮ್ಮನಿಗೆ ಹೇಳಿದಾಗ ಅವರು, ‘ಅಲ್ಲ ಕಣೇ, ಸೂಲಗಿತ್ತಿ ಕೈಲಿ ಹೆರಿಗೆ ಮಾಡಿಸ್ಕೊಳ್ಳೋಕೆ ಲಕ್ಷ ರೂಪಾಯಿ ಕೊಟ್ಟು ಬೆಂಗಳೂರಿಗೆ ಹೋಗ್ಬೇಕಿತ್ತಾ?’ ಎಂದರು. ಅಮ್ಮನ ಪ್ರಶ್ನೆಯಲ್ಲಿ ನ್ಯಾಯವಿತ್ತು. ಹಣ ತೆಗೆದುಕೊಳ್ಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡ ಸೂಲಗಿತ್ತಿ ನರಸಮ್ಮನವರು ನಮ್ಮದೇ ಪಾವಗಡ ಸೀಮೆಯವರು. ಆದರೆ ಇಲ್ಲಿ ಮಾತಾಗುತ್ತಿರುವ ಮಿಡ್‌ವೈಫ್ ಬೇರೆ. ಆಕೆ ನರ್ಸಿಂಗ್ ಓದಿ, ಅದರ ಮೇಲೆ ಹೆರಿಗೆಯ ವಿಶೇಷ ತರಬೇತಿ ಪಡೆದು, ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯೊಳಗೇ ಕೆಲಸ ಮಾಡುವವರು. ತೆಲಂಗಾಣ ಸರ್ಕಾರವು 2017ರಲ್ಲಿ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಮತ್ತು ಯುನಿಸೆಫ್ ಜೊತೆಗೂಡಿ ಸರ್ಕಾರಿ ನರ್ಸ್‌ಗಳಿಗೆ ಈ ತರಬೇತಿ ಕೊಡಲು ತೊಡಗಿತು. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿ, ನರ್ಸ್‌ಗಳಿಗೆ 18 ತಿಂಗಳ ಕೋರ್ಸನ್ನು ನಿಗದಿ ಮಾಡಿತು. ವಿಚಿತ್ರವೆಂದರೆ ನಮ್ಮಲ್ಲಿ ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಕೋರ್ಸ್ ಮಾಡಿದ ಪ್ರತಿ ನರ್ಸ್‌ನ ನೋಂದಣಿ ಪತ್ರದಲ್ಲೂ ಮಿಡ್‌ವೈಫ್ ಎಂಬ ಪದ ಮೊದಲಿನಿಂದಲೂ ಇದೆ. ಇಲ್ಲದಿದ್ದದ್ದು ಆ ಪದಕ್ಕೆ ತಕ್ಕ ಅಧಿಕಾರ.

ಈ ಸೇವೆ ಎಲ್ಲರಿಗೂ ಸಿಗುವುದಿಲ್ಲ ಎಂಬುದನ್ನು ಆಸ್ಪತ್ರೆಯವರು ಮೊದಲ ಭೇಟಿಯಲ್ಲೇ ಸ್ಪಷ್ಟಪಡಿಸಿದರು. ರಕ್ತದೊತ್ತಡ, ಸಕ್ಕರೆ, ರಕ್ತದ ಅಂಶ ಸರಿಯಾಗಿರಬೇಕು, ಒಂದೇ ಮಗುವಿರಬೇಕು, ದಿನ ತುಂಬುವ ಹೊತ್ತಿಗೆ ಅದರ ತಲೆ ಕೆಳಗಿರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಆರೈಕೆಯ ಹೊಣೆ ವೈದ್ಯರಿಗೆ ಹೋಗುತ್ತದೆ. ಏಳನೆಯ ತಿಂಗಳಿನಿಂದ ಪ್ರತಿ ಭೇಟಿಯಲ್ಲೂ ಮಿಡ್‌ವೈಫ್ ಅರ್ಧ ಗಂಟೆ ಕೂತು ಮಾತನಾಡುತ್ತಿದ್ದರು. ಹೊಟ್ಟೆಯ ಮೇಲೆ ನನ್ನ ಕೈಯನ್ನೇ ಇರಿಸಿ, ಇದು ಬೆನ್ನು, ಇದು ಕಾಲು ಎಂದು ತೋರಿಸಿದ್ದು ಅವರೇ. ಅವರು ಕೇರಳದವರು, ಅವರ ಕನ್ನಡದಲ್ಲಿ ವಿಭಕ್ತಿಗಳು ಆಗಾಗ ಜಾರಿದರೂ ಅರ್ಥ ಎಂದೂ ಜಾರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿದ್ದದ್ದು ಭಾನುವಾರದ ತರಗತಿಗಳು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಪರದೆಯ ಮೇಲಿನ ಚಿತ್ರಗಳೆಲ್ಲ ಹೊರದೇಶದವರ ಮನೆಗಳದು. ಬಾಣಂತನ ಮಾಡಬೇಕಾದ ಅತ್ತೆಯವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಎರಡನೆಯ ವಾರ ಅವರು ಬರಲೊಪ್ಪಲಿಲ್ಲ.

ಇನ್ನು ಹೆರಿಗೆಯ ರಾತ್ರಿ. ಸಂಜೆ ಸೊಂಟ ಹಿಡಿದುಕೊಂಡಂತಾಗಿ ಫೋನ್ ಮಾಡಿದಾಗ, ಊಟ ಮಾಡಿ, ಸಾಧ್ಯವಾದರೆ ಮಲಗಿ, ನೋವು ಐದು ನಿಮಿಷಕ್ಕೊಮ್ಮೆ ಬಂದು ಒಂದು ನಿಮಿಷ ನಿಲ್ಲತೊಡಗಿದ ಮೇಲೆ ಹೊರಡಿ ಎಂದರು. ಹನ್ನೊಂದರ ಹೊತ್ತಿಗೆ ಆಸ್ಪತ್ರೆ ತಲುಪಿದೆವು. ಅಡ್ಮಿಷನ್ ಕೌಂಟರಿನಲ್ಲಿ, ನೋವಿನ ನಡುವೆ, ಆಧಾರ್ ಪ್ರತಿಗಾಗಿ ಹತ್ತು ನಿಮಿಷ ನಿಲ್ಲಿಸಿದ್ದನ್ನು ಕ್ಷಮಿಸುವುದು ಕಷ್ಟ. ಒಳಗೆ ಹೋದ ಮೇಲೆ ಮಿಡ್‌ವೈಫ್ ಪರೀಕ್ಷೆ ಮಾಡುವ ಮೊದಲು ‘ಈಗ ನೋಡಬಹುದಾ?’ ಎಂದು ಕೇಳಿದರು. ಎರಡು ಹೆರಿಗೆಗಳಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೇ ಮೊದಲಿಗರು. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದಿತ್ತು. ನಮ್ಮೂರ ಲೆಕ್ಕದಲ್ಲಿ ಸುಮಾರು ಮೂರು ಬೆರಳು.

ಅಲ್ಲಿಂದ ಮುಂದೆ ಅವರು ಮಾಡಿದ ಕೆಲಸ ನೋಡುವವರಿಗೆ ಹೆಚ್ಚೇನೂ ಅನ್ನಿಸದು. ಹದಿನೈದು ನಿಮಿಷಕ್ಕೊಮ್ಮೆ, ಒಂದು ನೋವು ಇಳಿಯುತ್ತಿದ್ದಂತೆ, ಕೈಯಲ್ಲಿ ಹಿಡಿಯುವ ಡಾಪ್ಲರ್ ಇಟ್ಟು ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತ ಎಣಿಸುತ್ತಿದ್ದರು. ನೋವು ಬಂದಾಗ ಗರ್ಭಕೋಶ ಬಿಗಿದು ಮಗುವಿಗೆ ಹರಿಯುವ ರಕ್ತ ಸ್ವಲ್ಪ ತಗ್ಗುತ್ತದೆ, ನೋವು ಇಳಿದ ಮೇಲೆ ಬಡಿತ 110ರಿಂದ 160ರ ನಡುವೆ ಸ್ಥಿರವಾಗಿದ್ದರೆ ಮಗು ತಾಳಿಕೊಳ್ಳುತ್ತಿದೆ ಎಂದರ್ಥ ಎಂದು ನನ್ನ ಗಂಡನಿಗೆ ವಿವರಿಸಿದರು. ಯಂತ್ರದ ಪಟ್ಟಿ ಹೊಟ್ಟೆಗೆ ಸದಾ ಬಿಗಿದಿರದ ಕಾರಣ ನಾನು ನಡೆದೆ, ಕಿಟಕಿಗೆ ಒರಗಿದೆ, ದೊಡ್ಡ ಚೆಂಡಿನ ಮೇಲೆ ಕೂತು ತೂಗಾಡಿದೆ, ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂತು ಸೊಂಟಕ್ಕೆ ಬಿಸಿನೀರು ಬಿಟ್ಟುಕೊಂಡೆ. ಎಣ್ಣೆನೀರಿನ ಬಾಣಂತಿ ಸ್ನಾನ ಹೆರಿಗೆಗೆ ಮೊದಲೇ ಆದಂತಿತ್ತು. ಔಷಧಿಯ ಅಂಗಡಿಯಲ್ಲಿ ಸಿಗುವ ಯಾವುದೂ ಅಷ್ಟು ಹಾಯೆನಿಸುತ್ತಿರಲಿಲ್ಲವೇನೋ. ನಡುನಡುವೆ ಎಳನೀರು, ಗಂಜಿ. ಸೊಂಟದ ಎರಡೂ ಬದಿಯ ಮೂಳೆಗಳನ್ನು ಅಂಗೈಯಿಂದ ಒಳಕ್ಕೆ ಒತ್ತುವುದು ಹೇಗೆಂದು ಗಂಡನಿಗೆ ಕಲಿಸಿಕೊಟ್ಟು, ಅವರ ಕೈ ಸೋತಾಗ ತಾವೇ ಒತ್ತಿದರು.

ರಾತ್ರಿ ಮೂರರ ಹೊತ್ತಿಗೆ ಏಳು ಸೆಂಟಿಮೀಟರ್ ಮಾತ್ರ ಆಗಿತ್ತು. ಮೊದಲ ಹೆರಿಗೆಯ ಕೋಣೆಯಲ್ಲಾಗಿದ್ದರೆ ಡ್ರಿಪ್ಪಿನ ವೇಗ ಹೆಚ್ಚಿಸುತ್ತಿದ್ದರು. ಗಂಟೆಗೆ ಒಂದು ಸೆಂಟಿಮೀಟರ್ ಎಂಬ ಹಳೆಯ ಲೆಕ್ಕವನ್ನು ಎಲ್ಲ ಹೆಂಗಸರಿಗೂ ಹೊಂದಿಸುವುದು ಸರಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ಮಿಡ್‌ವೈಫ್ ಕರ್ತವ್ಯದಲ್ಲಿದ್ದ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿದರು, ವೈದ್ಯರು ಬಂದು ಚಾರ್ಟ್ ನೋಡಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಕಾಯೋಣ ಎಂದು ಹೋದರು. ಇಷ್ಟು ಸರಳವಾಗಿ ನಡೆದ ಆ ಮಾತುಕತೆಗೆ ಪರಸ್ಪರ ನಂಬಿಕೆ ಬೇಕು. ಮಿಡ್‌ವೈಫ್ ಇದ್ದಾರೆ ಎಂದು ಬೋರ್ಡ್ ಹಾಕಿ, ವೈದ್ಯರು ಅವರ ಮಾತಿಗೆ ಬೆಲೆ ಕೊಡದ ಕಡೆ ಈ ಸೇವೆಗೆ ಅರ್ಥವಿರದು. ಹಾಗಾಗಿ ಆಸ್ಪತ್ರೆ ನೋಡಲು ಹೋಗುವವರು ಮಿಡ್‌ವೈಫ್‌ರ ಜೊತೆಗಷ್ಟೇ ಅಲ್ಲ, ರಾತ್ರಿ ಪಾಳಿಯ ವೈದ್ಯರ ಜೊತೆಗೂ ಮಾತನಾಡಬೇಕೆಂದು ನನ್ನ ಸಲಹೆ.

ನೋವಿನ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ. ಅದು ಅಲೆಯಂತೆ ಬಂದು ಹೋಗುತ್ತದೆ ಎಂದು ತರಗತಿಯಲ್ಲಿ ಹೇಳಿದ್ದರು; ಕೊನೆಯ ಒಂದು ಗಂಟೆ ಬರುವುದಷ್ಟೇ ಇತ್ತು, ಹೋಗುವುದು ಇರಲಿಲ್ಲ. ವಾಂತಿಯಾಯಿತು, ಕಾಲು ನಡುಗಿತು. ‘ಸಿಸ್ಟರ್, ಇನ್ನು ನನ್ನ ಕೈಲಾಗಲ್ಲ, ಇಂಜೆಕ್ಷನ್ ಕೊಟ್ಟುಬಿಡಿ’ ಎಂದು ನಾನು ಅತ್ತದ್ದು ನಿಜ. ಅವರು ಬೇಡ ಎನ್ನಲಿಲ್ಲ, ಧೈರ್ಯದ ಭಾಷಣವನ್ನೂ ಮಾಡಲಿಲ್ಲ. ‘ಕೊಡೋಣ, ಅರಿವಳಿಕೆ ಡಾಕ್ಟರಿಗೆ ಹೇಳ್ತೀನಿ. ಅದಕ್ಕೆ ಮುಂಚೆ ಒಂದ್ಸಲ ಬಾತ್‌ರೂಮಿಗೆ ಹೋಗಿ ಬನ್ನಿ’ ಎಂದು ತೋಳು ಹಿಡಿದು ನಡೆಸಿದರು. ತುಂಬಿದ ಮೂತ್ರಕೋಶ ಮಗುವಿನ ದಾರಿಗೆ ಅಡ್ಡ ಎಂಬುದು ನನಗೆ ಆಮೇಲೆ ತಿಳಿಯಿತು. ವಾಪಸು ಬರುವಷ್ಟರಲ್ಲಿ ಮೈ ತಾನಾಗಿಯೇ ಮುಕ್ಕತೊಡಗಿತ್ತು. ಎಪಿಡ್ಯೂರಲ್ ತೆಗೆದುಕೊಂಡಿದ್ದರೂ ನಾನೇನೂ ಸೋತಂತಾಗುತ್ತಿರಲಿಲ್ಲ. ಔಷಧಿ ಬೇಡವೆನ್ನುವುದನ್ನು ವ್ರತದಂತೆ ಆಚರಿಸುವವರ ಜೊತೆ ನನಗೆ ಒಮ್ಮತವಿಲ್ಲ.

ಮೊದಲ ಸಲ ‘ಮುಕ್ಕು, ಮುಕ್ಕು’ ಎಂದು ನಾಲ್ಕು ಜನ ಕೂಗಿದ್ದರು. ಈ ಸಲ ಎಡಮಗ್ಗುಲಾಗಿ ಮಲಗಿ, ಒಂದು ಕಾಲನ್ನು ಗಂಡನ ಹೆಗಲಿಗೆ ಒರಗಿಸಿ, ಮೈ ಹೇಳಿದಾಗಷ್ಟೇ ಮುಕ್ಕಿದೆ. ಎದೆಬಡಿತವನ್ನು ಈಗ ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದರು. ಮಗುವಿನ ತಲೆ ಕಾಣಿಸಿದಾಗ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೆಳಗೆ ಒತ್ತಿ ಹಿಡಿದು, ಈಗ ಮುಕ್ಕಬೇಡಿ, ಬಾಯಿಂದ ಉಫ್ ಉಫ್ ಎಂದು ಉಸಿರು ಬಿಡಿ ಎಂದರು. ಐದೂಮುಕ್ಕಾಲಕ್ಕೆ ಮಗಳು ಬಂದಳು. ಒರೆಸಿದವರೇ ನೇರ ನನ್ನ ಎದೆಯ ಮೇಲೆ ಮಲಗಿಸಿದರು. ಹೊಕ್ಕುಳಬಳ್ಳಿಯ ಮಿಡಿತ ನಿಂತ ಮೇಲೆಯೇ ಅದನ್ನು ಕತ್ತರಿಸಿದ್ದು.

ಔಷಧರಹಿತ ಎಂಬ ಮಾತಿಗೆ ಇಲ್ಲೊಂದು ತಿದ್ದುಪಡಿ ಬೇಕು. ಮಗು ಹುಟ್ಟಿದ ಕೂಡಲೇ ನನ್ನ ಒಪ್ಪಿಗೆ ಕೇಳಿ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದರು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಇದು ಬೇಕು. ಬಾಣಂತಿಯರ ಸಾವಿಗೆ ಅತಿ ದೊಡ್ಡ ಕಾರಣಗಳಲ್ಲಿ ಆ ರಕ್ತಸ್ರಾವವೂ ಒಂದಾಗಿರುವಾಗ ಹಟ ಹಿಡಿಯುವುದರಲ್ಲಿ ಜಾಣತನವಿಲ್ಲ. ಹತ್ತು ನಿಮಿಷದಲ್ಲಿ ಮಾಸು ಬಿತ್ತು. ಕೊಯ್ಯದಿದ್ದರೂ ಸ್ವಲ್ಪ ಹರಿದಿತ್ತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡು ಹೊಲಿಗೆ ಹಾಕಿದರು. ಎರಡನೆಯ ದಿನ ನಾನು ಕಾಲು ಮಡಚಿ ಕೂತು ಊಟ ಮಾಡಿದೆ.

ವಾರ್ಡಿಗೆ ಹೋದ ಮೇಲೆ ಸೇವೆ ಕುಸಿಯಿತು. ಮಿಡ್‌ವೈಫ್ ಆರೈಕೆ ಹೆರಿಗೆ ಕೋಣೆಯ ಬಾಗಿಲಿಗೆ ಮುಗಿಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಮಗಳು ಮೊಲೆ ಹಿಡಿಯಲು ಒದ್ದಾಡುತ್ತಿದ್ದಾಗ ವಾರ್ಡಿನ ಒಬ್ಬರು ಏನನ್ನೂ ನೋಡದೆ ಪುಡಿಹಾಲು ತರಿಸಿ ಎಂದರು. ಸರಿಯಾಗಿ ಹಿಡಿಸಿ ಕುಡಿಸಿದ್ದು ಕೊನೆಗೆ ನಮ್ಮ ಅಮ್ಮ. ಮನೆಗೆ ಹೋದ ಮೇಲೆ ಒಂದು ಫೋನ್ ಬಂತು, ಅದೂ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಲು. ಹೆರಿಗೆ ಕೋಣೆಗೆ ಐದು, ವಾರ್ಡಿಗೆ ಎರಡು ಎಂದೆ. ಒಂದೇ ಅಂಕ ಹೇಳಬೇಕಂತೆ.

ಒಟ್ಟು ಖರ್ಚು ಒಂದು ಲಕ್ಷ ದಾಟಿತು; ಗಂಡನ ಕಂಪನಿಯ ವಿಮೆಯಲ್ಲಿ ಹೆರಿಗೆಗೆ ಇದ್ದ ಮಿತಿ 50,000 ರೂಪಾಯಿ, ಉಳಿದದ್ದು ನಮ್ಮ ಕೈಯಿಂದ. ಕೈಗೆಟುಕುವವರು, ಗರ್ಭ ತೊಡಕಿಲ್ಲದವರು, ಮೊದಲೇ ವಾರ್ಡಿನ ವ್ಯವಸ್ಥೆ ವಿಚಾರಿಸಿಕೊಂಡು ಈ ಸೇವೆಯನ್ನು ಆರಿಸಿಕೊಳ್ಳಬಹುದು. ನಾನಂತೂ ಇನ್ನೊಮ್ಮೆ ಬಸುರಿಯಾದರೆ ಅಲ್ಲಿಗೇ ಹೋಗುತ್ತೇನೆ. ಡಿಸ್ಚಾರ್ಜ್ ದಿನ ಅಮ್ಮ ಕನ್ನಡಕ ಹಾಕಿಕೊಂಡು ಬಿಲ್ಲನ್ನು ಸಾಲು ಸಾಲಾಗಿ ಓದಿದರು. ರಾತ್ರಿ ಎರಡು ಸಲ ಬಂದುಹೋದ ವೈದ್ಯರ ಶುಲ್ಕ ಒಂದು ಸಾಲಿನಲ್ಲಿ, ಕೊಠಡಿಯದು ಒಂದು ಸಾಲಿನಲ್ಲಿ, ಕೈಗವಸಿನದೂ ಒಂದು ಸಾಲಿನಲ್ಲಿತ್ತು. ‘ಆ ಸೂಲಗಿತ್ತಿದು ಎಲ್ಲಿ?’ ಎಂದು ಅಮ್ಮ ಕೇಳಿದರು. ಕೌಂಟರಿನ ಹುಡುಗ ಹುಡುಕಿ, ನರ್ಸಿಂಗ್ ಚಾರ್ಜಸ್ ಎಂಬ ಸಾಲಿನ ಮೇಲೆ ಬೆರಳಿಟ್ಟು, ಅದರಲ್ಲೇ ಸೇರಿದೆ ಎಂದ.