ಬಾಗಿಲಿನ ರಬ್ಬರ್ ಕಂಪನಿಯದು, ಬೇರಿಂಗ್ ಹೊರಗಿನದು

ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್‌ಗೆ ಹದಿಮೂರು ವರ್ಷವಾಯಿತು. ಅದರ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಇಲ್ಲಿಯವರೆಗೆ ಎರಡು ಸಲ ಬದಲಾಗಿದೆ. ಯಂತ್ರದ ಜೊತೆಗೇ ಬಂದದ್ದು ಎಂಟು ವರ್ಷ ಬಾಳಿತು. ಆಮೇಲೆ ಹಾಕಿದ್ದು ಹೊರಗಿನ ತಯಾರಕರದು, ಹನ್ನೊಂದೇ ತಿಂಗಳು. ಈಗಿರುವುದು ಮತ್ತೆ ಕಂಪನಿಯದು, ನಾಲ್ಕು ವರ್ಷದಲ್ಲಿ ಒಂದು ಹನಿಯೂ ಸೋರಿಲ್ಲ. ಇಷ್ಟನ್ನೇ ನೋಡಿದರೆ ‘ಒರಿಜಿನಲ್ಲೇ ಹಾಕಿ’ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಯಂತ್ರದಲ್ಲಿ ಹೊರಗಿನಿಂದ ತಂದ ಬೇರಿಂಗ್ ಐದು ವರ್ಷದಿಂದ ಸದ್ದಿಲ್ಲದೆ ತಿರುಗುತ್ತಿದೆ.

ಮೊದಲು ಗ್ಯಾಸ್ಕೆಟ್ ವಿಷಯ. ಹೊಸತಾಗಿದ್ದಾಗ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಅದೇ ಬೂದು ಬಣ್ಣ, ಅದೇ ಸುತ್ತಳತೆ. ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಬಿಟ್ಟಾಗ ಗೊತ್ತಾಯಿತು: ಕಂಪನಿಯದು ತಕ್ಷಣ ಎದ್ದು ನಿಂತಿತು, ಹೊರಗಿನದು ತಗ್ಗನ್ನು ಹಾಗೇ ಹಿಡಿದುಕೊಂಡು ನಿಧಾನವಾಗಿ ಮೇಲೆದ್ದಿತು. ಈ ಗ್ಯಾಸ್ಕೆಟ್‌ಗಳಿಗೆ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್ ಬಳಸುತ್ತಾರೆ. ಬಿಸಿನೀರು, ಡಿಟರ್ಜೆಂಟ್ ಎರಡನ್ನೂ ತಡೆಯುತ್ತದೆಂದೇ ಅದರ ಆಯ್ಕೆ. ಆದರೆ ಅದರ ಮಿಶ್ರಣ ಹೇಗಿದೆ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ಯಾವ ಲೇಬಲ್ ಮೇಲೂ ಇರುವುದಿಲ್ಲ. ಇನ್ನೊಂದು ದೋಷ ಜೋಡಿಸಿದ ಮೇಲೆ ತಿಳಿಯಿತು. ಗ್ಯಾಸ್ಕೆಟ್‌ನ ಮೇಲ್ಭಾಗದಲ್ಲಿರುವ ಸಣ್ಣ ತ್ರಿಕೋನದ ಗುರುತನ್ನು ಟಬ್‌ನ ಗುರುತಿಗೆ ಸರಿಹೊಂದಿಸಬೇಕು. ಹಾಗೆ ಹೊಂದಿಸಿದರೆ ನೀರು ಇಳಿಯುವ ತೂತುಗಳು ತಳದಲ್ಲಿ ಕೂರುತ್ತವೆ. ಹೊರಗಿನದರಲ್ಲಿ ಆ ಗುರುತೇ ಸುಮಾರು ಒಂದೂವರೆ ಸೆಂಟಿಮೀಟರ್ ಪಕ್ಕಕ್ಕಿತ್ತು. ತೂತುಗಳು ತಳ ತಪ್ಪಿದವು, ಪ್ರತಿ ಸಲ ರಬ್ಬರ್‌ನ ಮಡಿಕೆಯಲ್ಲಿ ಒಂದಿಷ್ಟು ನೀರು ನಿಂತಿತು, ಮೂರನೇ ತಿಂಗಳಿಗೆ ಕಪ್ಪು ಬೂಷ್ಟು ಹಿಡಿಯಿತು. ಕೊನೆಗೆ ಅಂಚು ಗಡುಸಾಗಿ ಬಾಗಿಲಿನ ಗಾಜಿನ ಕೆಳಗೆ ಸೋರತೊಡಗಿತು.

ಬೇರಿಂಗ್ ಕಥೆಯೇ ಬೇರೆ. ಹಳೆಯದನ್ನು ಬಿಚ್ಚಿ ಬಟ್ಟೆಯಿಂದ ಒರೆಸಿದಾಗ ಅದರ ಮೈಮೇಲೆ 6206 ಎಂಬ ಸಂಖ್ಯೆ ಕಂಡಿತು. ಅಂದರೆ ಒಳವ್ಯಾಸ 30, ಹೊರವ್ಯಾಸ 62, ಅಗಲ 16 ಮಿಲಿಮೀಟರ್. ಯಾರೇ ತಯಾರಿಸಲಿ, ಆ ಸಂಖ್ಯೆಗೆ ಅಳತೆ ಅದೇ. ಪಕ್ಕದಲ್ಲಿ ಇದ್ದದ್ದು ಬೇರಿಂಗ್ ತಯಾರಕರ ಹೆಸರು, ವಾಷಿಂಗ್ ಮೆಷಿನ್ ಕಂಪನಿಯದಲ್ಲ. ಹಾಗಿದ್ದ ಮೇಲೆ ಕಂಪನಿಯ ಡಬ್ಬಿಗೆ ಹೆಚ್ಚು ಹಣ ಏಕೆ ಕೊಡಬೇಕು? ಹೆಸರಾಂತ ತಯಾರಕರ ಅದೇ ಸಂಖ್ಯೆಯ ಬೇರಿಂಗ್ ತಂದೆ. ಸಂಖ್ಯೆಯ ಹಿಂದಿರುವ ಅಕ್ಷರಗಳನ್ನೂ ಹೊಂದಿಸಬೇಕು: 2ಆರ್‌ಎಸ್ ಎಂದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ, ಸಿ3 ಎಂದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ತುಸು ಹೆಚ್ಚು.

ಆದರೆ ಆಯಿಲ್ ಸೀಲ್, ಅಂದರೆ ಬೇರಿಂಗ್‌ಗೆ ನೀರು ತಾಗದಂತೆ ಡ್ರಮ್‌ನ ಶಾಫ್ಟ್ ಸುತ್ತ ಕೂರುವ ರಬ್ಬರ್ ಉಂಗುರದ ವಿಷಯದಲ್ಲಿ ಉಳಿತಾಯ ಮಾಡಲಿಲ್ಲ. ವಾಷಿಂಗ್ ಮೆಷಿನ್‌ನ ಬೇರಿಂಗ್ ಹೆಚ್ಚಾಗಿ ತಾನಾಗಿ ಸವೆದು ಹಾಳಾಗುವುದಿಲ್ಲ. ಮೊದಲು ಸೀಲ್ ಸೋಲುತ್ತದೆ, ನೀರು ಒಳಹೊಕ್ಕು ಗ್ರೀಸ್ ತೊಳೆದುಹೋಗುತ್ತದೆ, ಆಮೇಲೆ ತುಕ್ಕು. ಹೊರಗಿನಿಂದ ತಂದ ಸೀಲ್ ಶಾಫ್ಟ್ ಮೇಲೆ ಹಿಡಿತವಿಲ್ಲದೆ ಜಾರಿತು. ಶಾಫ್ಟ್‌ಗೆ ಒತ್ತಿ ಕೂರುವ ರಬ್ಬರ್ ತುಟಿ ಹಳೆಯದಕ್ಕೆ ಎರಡು, ಇದಕ್ಕೆ ಒಂದೇ. ಪಕ್ಕಕ್ಕಿಟ್ಟು, ಕಂಪನಿಯ ಸೀಲ್‌ಗಾಗಿ ಎರಡು ವಾರ ಕಾದೆ. ಇಡೀ ಟಬ್ ಬಿಚ್ಚುವ ಒಂದು ದಿನದ ದುಡಿಮೆಯನ್ನು ಅಗ್ಗದ ರಬ್ಬರ್ ಉಂಗುರದ ಮೇಲೆ ಪಣಕ್ಕಿಡಲು ನನಗೆ ಮನಸ್ಸಿರಲಿಲ್ಲ.

ಬೆಲ್ಟ್‌ಗೆ ಹೊರಗಿನದು ಸಾಕು. ಬೆನ್ನ ಮೇಲೆ 1270 ಜೆ5 ಎಂದಿದ್ದರೆ ಉದ್ದ, ಏಣುಗಳ ಬಗೆ, ಅವುಗಳ ಎಣಿಕೆ ಮೂರೂ ಅದರಲ್ಲೇ ಇವೆ. ಡ್ರೈನ್ ಪಂಪ್ ಕೂಡ ಬಹುಪಾಲು ಹಾಗೆಯೇ. ಹಳೆಯ ಪಂಪ್‌ನ ಲೇಬಲ್‌ನಲ್ಲಿ ತಯಾರಕರ ಹೆಸರು, ವ್ಯಾಟ್, ವೋಲ್ಟ್ ಇದ್ದವು, ಅದೇ ತಯಾರಕರದ್ದನ್ನೇ ತಂದು ಕೂರಿಸಿದೆ.

ನಿಜವಾದ ಜೋಡಿ ಪರೀಕ್ಷೆ ನಡೆದದ್ದು ಫ್ಯಾನ್‌ಗಳಲ್ಲಿ. ಎರಡು ಕೋಣೆಗಳಲ್ಲಿ ಒಂದೇ ಮಾದರಿಯ ಫ್ಯಾನ್, ಎರಡಕ್ಕೂ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಂದಕ್ಕೆ ಫ್ಯಾನ್ ಕಂಪನಿಯದು, ಇನ್ನೊಂದಕ್ಕೆ ಹೆಸರಿಲ್ಲದ್ದು. ಮೊದಲ ದಿನ ಮಲ್ಟಿಮೀಟರ್‌ನಲ್ಲಿ 2.52 ಮತ್ತು 2.48. ಹದಿನಾಲ್ಕು ತಿಂಗಳ ನಂತರ 2.46 ಮತ್ತು 1.8. ಎರಡನೆಯ ಫ್ಯಾನ್ ನಿಧಾನವಾದದ್ದು ಮೀಟರ್ ಇಲ್ಲದೆಯೂ ತಿಳಿಯುತ್ತಿತ್ತು. ಆಮೇಲೆ ಕೆಪಾಸಿಟರ್‌ಗಳ ಮೈಮೇಲಿನ ಬರಹವನ್ನು ಓದಿದೆ. ಮೋಟಾರ್ ಕೆಪಾಸಿಟರ್‌ಗಳಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಬಾಳಿಕೆಯ ವರ್ಗಗಳಿವೆ: ಬಿ ಎಂದರೆ 10,000 ಗಂಟೆ, ಸಿ ಎಂದರೆ 3,000, ಡಿ ಎಂದರೆ 1,000. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಫ್ಯಾನ್ ವರ್ಷಕ್ಕೆ 4,380 ಗಂಟೆ ಓಡುತ್ತದೆ. ಹೆಸರಿಲ್ಲದ್ದರ ಮೇಲೆ ವರ್ಗವೇ ಇರಲಿಲ್ಲ. ಅದನ್ನು ತೆಗೆದು ಬೇರೊಂದು ಕೆಪಾಸಿಟರ್ ತಯಾರಕರ ಬಿ ವರ್ಗದ್ದನ್ನು ಹಾಕಿದೆ, ಅದು ಕಂಪನಿಯದಕ್ಕೆ ಸಮನಾಗಿ ನಿಂತಿದೆ.

ಹೀಟರ್‌ನ ಥರ್ಮಲ್ ಫ್ಯೂಸ್, ಬಾಗಿಲಿನ ಲಾಕ್, ಥರ್ಮೋಸ್ಟ್ಯಾಟ್ ಇವುಗಳನ್ನು ನಾನು ಹೋಲಿಸಿ ನೋಡಿಲ್ಲ, ನೋಡುವುದೂ ಇಲ್ಲ. ಥರ್ಮಲ್ ಫ್ಯೂಸ್ ನಿಗದಿತ ಉಷ್ಣತೆಯಲ್ಲಿ ಒಮ್ಮೆ ಮಾತ್ರ ಕಡಿದುಹೋಗುವ ವಸ್ತು. ಸುಟ್ಟು ನೋಡದೆ ಅದನ್ನು ಪರೀಕ್ಷಿಸಲಾಗದು, ಸುಟ್ಟ ಮೇಲೆ ಅದು ಬಳಕೆಗಿಲ್ಲ. ಅಲ್ಲಿ ಕಂಪನಿಯದೇ, ಅದೂ ನಂಬಿಕೆಯ ಕಡೆಯಿಂದಲೇ, ಏಕೆಂದರೆ ಕಂಪನಿಯ ಡಬ್ಬಿಯಲ್ಲೇ ನಕಲಿ ಬರುವುದುಂಟು.

ನನಗೆ ಇಂದಿಗೂ ಬೇಸರ ತರುವುದು ವಾಷಿಂಗ್ ಮೆಷಿನ್ ಮೋಟಾರಿನ ಕಾರ್ಬನ್ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ತುಂಡು. ಉದ್ದ, ಅಗಲ, ದಪ್ಪ ಮೂರನ್ನೂ ಅಳೆದು, ಸರಿಯಿದೆ ಎಂದುಕೊಂಡು ಹೊರಗಿನ ಜೋಡಿ ಹಾಕಿದೆ. ಕಾರ್ಬನ್ ಎಷ್ಟು ಗಡುಸು ಎಂಬುದನ್ನು ಅಳೆಯುವ ದಾರಿ ನನ್ನಲ್ಲಿರಲಿಲ್ಲ. ಆರು ತಿಂಗಳ ನಂತರ ಕಿಡಿ ಹೆಚ್ಚಾದಾಗ ಬಿಚ್ಚಿ ನೋಡಿದರೆ ಬ್ರಷ್ ಹೆಚ್ಚು ಸವೆದಿರಲಿಲ್ಲ, ಸವೆದದ್ದು ಬ್ರಷ್ ಉಜ್ಜುವ ತಾಮ್ರದ ಭಾಗ, ಕಮ್ಯುಟೇಟರ್. ಸುತ್ತಲೂ ಉಗುರಿಗೆ ಸಿಗುವಷ್ಟು ಆಳದ ಗೀರುಗಳು. ಆಮೇಲೆ ಕಂಪನಿಯ ಬ್ರಷ್ ಹಾಕಿದೆ, ಆದರೆ ಆ ಒರಟು ತಾಮ್ರದ ಮೇಲೆ ಅವೂ ಮೊದಲಿನ ಅರ್ಧದಷ್ಟು ಕಾಲ ಬಾಳುತ್ತಿಲ್ಲ.