ಜಾಂಗೋ ಟೆಂಪ್ಲೇಟಿನ ಲಿಂಕ್: ಕೈಯಾರೆ ಬರೆಯೋದಾ, ಯುಆರ್‌ಎಲ್ ಟ್ಯಾಗಾ?

ಬ್ಯಾಡಗಿ ಮೆಣಸಿನಕಾಯಿ ಮಾರುವ ಗೆಳೆಯನಿಗೆ ಹಾವೇರಿಯಲ್ಲಿ ಕೂತು ಜಾಂಗೋದಲ್ಲಿ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆ) ಸೈಟ್ ಮಾಡಿಕೊಟ್ಟೆ. ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ಲಿಂಕುಗಳ ವಿಳಾಸವನ್ನೆಲ್ಲ ಕೈಯಾರೆ ಬರೆದಿದ್ದೆ. ಮುಖಪುಟದಲ್ಲಿ ಸರಿ ಇದ್ದ 'ಸಂಪರ್ಕ' ಲಿಂಕ್, 'ದರ' ಪುಟದಲ್ಲಿ ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ ಅನ್ನುವ ದೋಷ. ಕಾರಣ ಚಿಕ್ಕದು: ವಿಳಾಸದ ಮೊದಲಿನ ಓರೆಗೆರೆ (/) ಬಿಟ್ಟಿದ್ದೆ. ಅದಿಲ್ಲದಿದ್ದರೆ ಬ್ರೌಸರ್ ಈಗಿರುವ ಪುಟದ ವಿಳಾಸಕ್ಕೇ ಅಂಟಿಸುತ್ತದೆ, '/ದರ/ಸಂಪರ್ಕ/' ಆಗಿಬಿಡುತ್ತದೆ.

ಯುಆರ್‌ಎಲ್ ಟ್ಯಾಗ್ ಅಂದರೆ ಲಿಂಕಿನ ವಿಳಾಸವನ್ನು ಜಾಂಗೋನೇ ತುಂಬುವಂತೆ ಟೆಂಪ್ಲೇಟಿನಲ್ಲಿ ಬರೆಯುವ ಗುರುತು. ಅದಕ್ಕೆ ವಿಳಾಸ ಬೇಡ, ಪಾತ್‌ಗೆ (ಯಾವ ವಿಳಾಸಕ್ಕೆ ಯಾವ ಪುಟ ಅಂತ ಹೇಳುವ ಸಾಲಿಗೆ) ಕೊಟ್ಟ ಹೆಸರು ಸಾಕು. ನಾಳೆ ವಿಳಾಸ ಬದಲಾದರೂ ಟೆಂಪ್ಲೇಟ್ ಮುಟ್ಟಬೇಕಿಲ್ಲ. ಆದರೆ ಹೆಸರು ತಪ್ಪಿದರೆ ಇಡೀ ಪುಟವೇ 'ನೋರಿವರ್ಸ್‌ಮ್ಯಾಚ್' (ಆ ಹೆಸರಿಗೆ ವಿಳಾಸ ಸಿಗಲಿಲ್ಲ ಅನ್ನುವ ದೋಷ) ಅಂತ ಬಿದ್ದುಹೋಗುತ್ತದೆ. ಆ್ಯಪ್‌ಗೆ (ಸೈಟಿನ ಒಂದು ಭಾಗಕ್ಕೆ) ನೇಮ್‌ಸ್ಪೇಸ್, ಅಂದರೆ ಗುಂಪಿನ ಹೆಸರು, ಇಟ್ಟಿದ್ದರೆ ಪಾತ್‌ನ ಹೆಸರಿಗಿಂತ ಮೊದಲು ಅದೂ, ಒಂದು ಕೋಲನ್ ಚಿಹ್ನೆಯೂ (:) ಬೇಕು. ನಾನು ಅರ್ಧ ದಿನ ಕಳೆದದ್ದು ಇಲ್ಲೇ. ಕಿರಿಕಿರಿ, ಅಲ್ವಾ? ಆದರೂ ನನಗೆ ಇದೇ ಇಷ್ಟ. ತಪ್ಪು ಗಿರಾಕಿಗಿಂತ ಮೊದಲು ನನಗೆ ಕಾಣುತ್ತದೆ. ಹೊರಗಿನ ಸೈಟಿನ ಲಿಂಕಿಗಾದರೆ ಸುಮ್ನೆ ಪೂರ್ತಿ ವಿಳಾಸ ಬರೆಯಿರಿ.